ಶಿಶುಗಳ ಹಾಲಿನ ಬಾಟಲಿಗಳಲ್ಲಿ ಪ್ಲಾಸ್ಟಿಕ್ ಸುರಕ್ಷತೆ

ಶಿಶುಗಳಿಗೆ ಹಾಲುಣಿಸಲು ಬಳಸುವ ಪ್ಲಾಸ್ಟಿಕ್ ಬಾಟಲಿಗಳಿಂದ ಕೆಲವು ರಾಸಾಯನಿಕಗಳು ಮತ್ತು ಸೂಕ್ಷ್ಮ ಕಣಗಳು ಹಾಲಿಗೆ ಸೇರುವ ಸಾಧ್ಯತೆಯಿದೆ. ದೇಹದ ತೂಕಕ್ಕೆ ಹೋಲಿಸಿದರೆ ಶಿಶುವು ವಯಸ್ಕರಿಗಿಂತ ಹೆಚ್ಚು ಆಹಾರ ಸೇವಿಸುತ್ತದೆ. ಮೊದಲ ತಿಂಗಳುಗಳಲ್ಲಿ ಹಾಲೊಂದೇ ಅದರ ಆಹಾರವಾದ್ದರಿಂದ ಈ ವಿಷಯಕ್ಕೆ ವಿಶೇಷ ಮಹತ್ವವಿದೆ.

ಬಿಸ್ಫಿನಾಲ್-ಎ

ಗಾಜಿನಂತೆ ಪಾರದರ್ಶಕವಾಗಿಯೂ ಗಟ್ಟಿಯಾಗಿಯೂ ಇರುವ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕನ್ನು ಬಿಸ್ಫಿನಾಲ್-ಎ (ಬಿಪಿಎ) ಎಂಬ ರಾಸಾಯನಿಕದಿಂದ ತಯಾರಿಸಲಾಗುತ್ತದೆ. ಇದು ಈಸ್ಟ್ರೋಜನ್ ಹಾರ್ಮೋನಿನಂತೆ ವರ್ತಿಸಬಲ್ಲುದೆಂದು 1930ರ ದಶಕದಲ್ಲಿಯೇ ತಿಳಿದುಬಂದಿತ್ತು. ಬಿಸಿ ದ್ರವ ತುಂಬಿದಾಗ ಬಾಟಲಿಯಿಂದ ಬಿಪಿಎ ಹೊರಬರುವ ಪ್ರಮಾಣ ಹೆಚ್ಚುತ್ತದೆ. ಕೆನಡಾ 2010ರಲ್ಲಿ, ಐರೋಪ್ಯ ಒಕ್ಕೂಟ 2011ರಲ್ಲಿ ಹಾಲಿನ ಬಾಟಲಿಗಳಲ್ಲಿ ಇದರ ಬಳಕೆಯನ್ನು ನಿಷೇಧಿಸಿದವು.

ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು

ಪಾಲಿಕಾರ್ಬೊನೇಟ್ ಬದಲಿಗೆ ಈಗ ಹೆಚ್ಚಾಗಿ ಪಾಲಿಪ್ರೊಪಿಲೀನ್ ಬಳಕೆಯಲ್ಲಿದೆ. ಬಾಟಲಿಯ ತಳದ ತ್ರಿಕೋನದೊಳಗಿನ 5 ಎಂಬ ಅಂಕಿ ಇದನ್ನು ಸೂಚಿಸುತ್ತದೆ. ಇದರಲ್ಲಿ ಬಿಪಿಎ ಇಲ್ಲ. ಆದರೆ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂತಹ ಬಾಟಲಿಗಳು ಪ್ರತಿ ಲೀಟರಿಗೆ 1.62 ಕೋಟಿವರೆಗೆ ಸೂಕ್ಷ್ಮ ಕಣಗಳನ್ನು ಬಿಡುಗಡೆ ಮಾಡಬಲ್ಲವು. ನೀರಿನ ಉಷ್ಣತೆಯನ್ನು 25ರಿಂದ 95 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿದಾಗ ಈ ಸಂಖ್ಯೆ 6 ಲಕ್ಷದಿಂದ 5.5 ಕೋಟಿಗೆ ಏರಿತು. ಶಿಶುಗಳ ಆರೋಗ್ಯದ ಮೇಲೆ ಈ ಕಣಗಳ ಪರಿಣಾಮವೇನೆಂಬುದು ವಿಜ್ಞಾನಕ್ಕೆ ಇನ್ನೂ ಸ್ಪಷ್ಟವಾಗಿಲ್ಲ.

ಭಾರತದಲ್ಲಿ ನಿಯಂತ್ರಣ

1992ರ ಶಿಶು ಹಾಲಿನ ಬದಲಿಗಳು, ಹಾಲುಣಿಸುವ ಬಾಟಲಿಗಳು ಮತ್ತು ಶಿಶು ಆಹಾರಗಳ ಕಾಯಿದೆಯು ಕರ್ನಾಟಕವೂ ಸೇರಿದಂತೆ ದೇಶದಲ್ಲಿ ಹಾಲಿನ ಬಾಟಲಿಗಳ ಜಾಹೀರಾತು ಹಾಗೂ ಪ್ರಚಾರವನ್ನು ನಿಷೇಧಿಸುತ್ತದೆ. ಭಾರತೀಯ ಮಾನಕ ಬ್ಯೂರೋದ ಮಾನಕ ಚಿಹ್ನೆಯಿಲ್ಲದ ಬಾಟಲಿಗಳ ಮಾರಾಟಕ್ಕೂ ಅವಕಾಶವಿಲ್ಲ. ಪ್ಲಾಸ್ಟಿಕ್ ಬಾಟಲಿಗಳಿಗೆ ಅನ್ವಯಿಸುವ ಮಾನಕ ಐಎಸ್ 14625. ಅದರ 2015ರ ಪರಿಷ್ಕೃತ ಆವೃತ್ತಿಯು ಬಿಪಿಎ ಬಳಕೆಯನ್ನು ನಿಷೇಧಿಸಿದೆ. ಬಾಟಲಿಯ ಪೊಟ್ಟಣದ ಮೇಲೆ ಐಎಸ್‌ಐ ಚಿಹ್ನೆಯೊಡನೆ ಮುದ್ರಿಸಿರುವ ಪರವಾನಗಿ ಸಂಖ್ಯೆಯನ್ನು ಬ್ಯೂರೋದ ‘ಬಿಐಎಸ್ ಕೇರ್’ ಮೊಬೈಲ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ‘ಬಿಪಿಎ ಮುಕ್ತ’ ಎಂಬ ಬರಹ ಮಾತ್ರವೇ ಈ ಚಿಹ್ನೆಗೆ ಸಮನಲ್ಲ.

ಬಳಕೆಯಲ್ಲಿ ಎಚ್ಚರಿಕೆ

ಪ್ಲಾಸ್ಟಿಕ್ ಕಣಗಳ ಭಯದಿಂದ ಬಾಟಲಿಯನ್ನು ಕುದಿಸಿ ಶುದ್ಧಗೊಳಿಸುವುದನ್ನು ಬಿಡುವುದು ಅಪಾಯಕರ, ಏಕೆಂದರೆ ಸರಿಯಾಗಿ ಸ್ವಚ್ಛಗೊಳಿಸದ ಬಾಟಲಿಯಿಂದ ಶಿಶುವಿಗೆ ಅತಿಸಾರ ತಗಲಬಹುದು. ಹಾಲಿನ ಪುಡಿಯೂ ಸಂಪೂರ್ಣ ಕ್ರಿಮಿರಹಿತವಲ್ಲ. ಆದ್ದರಿಂದ ಅದನ್ನು ಕನಿಷ್ಠ 70 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ನೀರಿನಲ್ಲಿ ಬೆರೆಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ. ಈ ಎರಡೂ ಅಗತ್ಯಗಳನ್ನು ಹೀಗೆ ಹೊಂದಿಸಬಹುದು:

* ಕುದಿಸಿ ಶುದ್ಧಗೊಳಿಸಿದ ಬಾಟಲಿಯನ್ನು, ಕುದಿಸಿ ಆರಿಸಿದ ನೀರಿನಿಂದ ಮೂರು ಬಾರಿ ತೊಳೆಯುವುದು.
* ಹಾಲಿನ ಪುಡಿಯನ್ನು ಶುದ್ಧವಾದ ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ ಬಿಸಿನೀರಿನೊಡನೆ ಬೆರೆಸಿ, ಆರಿದ ನಂತರ ಬಾಟಲಿಗೆ ಹಾಕುವುದು.
* ಹಾಲನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿಯೇ ಮತ್ತೆ ಬಿಸಿ ಮಾಡದಿರುವುದು. ಮೈಕ್ರೋವೇವ್ ಒಲೆಯಲ್ಲಿ ಇಡದಿರುವುದು.
* ಗೀರು ಬಿದ್ದ, ಬಿರುಕು ಬಿಟ್ಟ ಅಥವಾ ಮಬ್ಬಾದ ಬಾಟಲಿಯನ್ನು ಬದಲಿಸುವುದು.

ಪರ್ಯಾಯಗಳು

ಮೊದಲ ಆರು ತಿಂಗಳು ತಾಯಿಯ ಎದೆಹಾಲನ್ನು ಮಾತ್ರ ನೀಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಎದೆಯಿಂದ ನೇರವಾಗಿ ಕುಡಿಸಲಾಗದಿದ್ದಾಗ ಲೋಟ, ಚಮಚ ಅಥವಾ ಒಳಲೆಯನ್ನು ಬಳಸಬಹುದು. ಒಳಲೆಯು ಕೊಕ್ಕಿನಂತೆ ಚಾಚಿದ ತುದಿಯುಳ್ಳ ಸಣ್ಣ ಪಾತ್ರೆ. ಕರ್ನಾಟಕದ ಮನೆಗಳಲ್ಲಿ ಮಕ್ಕಳಿಗೆ ಹಾಲು, ಔಷಧಿ ಕುಡಿಸಲು ಇದು ರೂಢಿಯಲ್ಲಿದೆ. ಬೆಳ್ಳಿ ಅಥವಾ ಸ್ಟೀಲಿನ ಒಳಲೆಯಲ್ಲಿ ಪ್ಲಾಸ್ಟಿಕ್ಕಿನ ಪ್ರಶ್ನೆಯಿಲ್ಲ. ಬಾಯಿ ತೆರೆದಿರುವುದರಿಂದ ತೊಳೆದು ಕುದಿಸುವುದೂ ಸುಲಭ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಹಾಲುಣಿಸಲು ಆಸ್ಪತ್ರೆಗಳಲ್ಲಿಯೂ ಇದನ್ನು ಬಳಸುತ್ತಾರೆ.