ಹಳೆಯ ಎಂಜಿಬಿಗೆ ಎಂಥ ಬ್ರೇಕ್ ಪ್ಯಾಡ್? ರೇಸಿನದು ರಸ್ತೆಗೆ ಸಲ್ಲದು

ಬ್ರಿಟನ್ನಿನ ಅಬಿಂಗ್ಡನ್ ಕಾರ್ಖಾನೆಯಿಂದ 1962ರಿಂದ 1980ರವರೆಗೆ ಹೊರಬಂದ ಎಂಜಿಬಿ ಕಾರುಗಳ ಸಂಖ್ಯೆ ಐದು ಲಕ್ಷಕ್ಕೂ ಅಧಿಕ. ಎರಡು ಬಾಗಿಲಿನ ಈ ಪುಟ್ಟ ಸ್ಪೋರ್ಟ್ಸ್ ಕಾರು ಬ್ರಿಟನ್, ಅಮೆರಿಕಗಳ ರಸ್ತೆಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ಎಂಜಿನ್ನಿಗೆ, ಬಣ್ಣಕ್ಕೆ, ಚರ್ಮದ ಆಸನಕ್ಕೆ ಧಾರಾಳವಾಗಿ ಹಣ ಸುರಿಯುವ ಮಾಲೀಕರು ಬ್ರೇಕ್ ಪ್ಯಾಡ್ ಕೊಳ್ಳುವಾಗ ಮಾತ್ರ ಎಡವುವುದುಂಟು. ಕೆಲವರು ಸಿಕ್ಕ ಅಗ್ಗದ ಮಾಲನ್ನು ಕೊಳ್ಳುತ್ತಾರೆ. ಇನ್ನು ಕೆಲವರು ‘ಅತ್ಯುತ್ತಮವಾದುದೇ ಇರಲಿ’ ಎಂದು ರೇಸಿನ ಪ್ಯಾಡ್ ತರುತ್ತಾರೆ. ಈ ಎರಡನೆಯ ತಪ್ಪು ಮೊದಲಿನದಕ್ಕಿಂತ ಚಿಕ್ಕದೇನಲ್ಲ.

ಚಲನೆಯ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುವುದೇ ಬ್ರೇಕಿನ ಕೆಲಸ. ವೇಗ ಇಮ್ಮಡಿಯಾದರೆ ಈ ಶಾಖ ನಾಲ್ಮಡಿಯಾಗುತ್ತದೆ. ರೇಸಿನಲ್ಲಿ ತಿರುವಿನಿಂದ ತಿರುವಿಗೆ ಡಿಸ್ಕ್ ತಣಿಯಲು ಪುರುಸೊತ್ತೇ ಇರುವುದಿಲ್ಲ. ಆದ್ದರಿಂದ ಅಲ್ಲಿನ ಪ್ಯಾಡುಗಳನ್ನು ಅತಿಶಾಖದಲ್ಲಿಯೂ ಹಿಡಿತ ಕಳೆದುಕೊಳ್ಳದಂತೆ ತಯಾರಿಸುತ್ತಾರೆ. ಅದಕ್ಕೆ ತೆರಬೇಕಾದ ಬೆಲೆಯೆಂದರೆ ತಣ್ಣಗಿರುವಾಗ ಅವುಗಳ ಹಿಡಿತ ಕಡಿಮೆ. ಅಂಥ ಹಲವು ಪ್ಯಾಡುಗಳು ಚೆನ್ನಾಗಿ ಕಾದ ಮೇಲಷ್ಟೇ ಪೂರ್ತಿ ಹಿಡಿತ ತೋರುತ್ತವೆ. ಪೇಟೆಯ ಸಂಚಾರದಲ್ಲಿ ಡಿಸ್ಕ್ ಅಷ್ಟು ಕಾಯುವುದೇ ಅಪರೂಪ.

ಬೆಳಿಗ್ಗೆ ಮನೆಯಿಂದ ಹೊರಟ ಕಾರಿಗೆ ಮೊದಲ ತಿರುವಿನಲ್ಲೇ ಮಗುವೊಂದು ಅಡ್ಡಬಂದರೆ ಬ್ರೇಕ್ ಕಾಯಲು ಅವಕಾಶವೆಲ್ಲಿ? ಗಂಟೆಗೆ 80 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನಲ್ಲಿ 22 ಮೀಟರ್ ಸಾಗಿಬಿಡುತ್ತದೆ. ಆರಂಭದ ಎಂಜಿಬಿಗಳಲ್ಲಿ ಕಾಲಿನ ಬಲಕ್ಕೆ ನೆರವಾಗುವ ಸರ್ವೋ ಕೂಡ ಇರಲಿಲ್ಲ. ತಣ್ಣನೆಯ ರೇಸ್ ಪ್ಯಾಡಿಗೆ ಚಾಲಕ ಎಷ್ಟು ತುಳಿದರೂ ಸಾಲದೆನಿಸುವುದು ಇಂಥ ಕಾರಿನಲ್ಲಿಯೇ.

ಹಾಗಾದರೆ ಆಯ್ಕೆ ಹೇಗೆ? ಅಮೆರಿಕದ ಮಾರುಕಟ್ಟೆಯ ಪ್ಯಾಡುಗಳ ಮೇಲೆ ಇಇ, ಎಫ್‌ಎಫ್, ಜಿಜಿ ಎಂಬಂಥ ಜೋಡಿ ಅಕ್ಷರಗಳಿರುತ್ತವೆ. ಮೊದಲನೆಯದು ಸಾಮಾನ್ಯ ಶಾಖದ, ಎರಡನೆಯದು ಹೆಚ್ಚಿನ ಶಾಖದ ಘರ್ಷಣೆಯ ಪ್ರಮಾಣವನ್ನು ಸೂಚಿಸುತ್ತದೆ. ಇ ಎಂದರೆ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಆದರೆ ಇದನ್ನೇ ವೇದವಾಕ್ಯವೆಂದು ತಿಳಿಯಬೇಕಿಲ್ಲ. ಮೊದಲ ಅಕ್ಷರವನ್ನು ನಿರ್ಧರಿಸುವುದು ಸುಮಾರು 93ರಿಂದ 204 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡೆಸಿದ ಪರೀಕ್ಷೆ. ತೀರಾ ತಣ್ಣಗಿರುವ ಪ್ಯಾಡಿನ ಗುಣ ಅದರಿಂದ ತಿಳಿಯದು. ತಯಾರಕರು ಕೊಡುವ ಶಾಖ-ಘರ್ಷಣೆಯ ನಕ್ಷೆಯಲ್ಲಿ ಗೆರೆ ಎಡತುದಿಯಿಂದಲೇ ಸಮನಾಗಿ ಸಾಗಿದೆಯೇ ಎಂದು ನೋಡುವುದು ಹೆಚ್ಚು ಉಪಯುಕ್ತ. ಪೇಟೆಯ ಓಡಾಟಕ್ಕೆ ಸಾಧಾರಣ ರಸ್ತೆ ಪ್ಯಾಡು ಸಾಕು. ಬೆಟ್ಟದ ದಾರಿಯಲ್ಲಿ ಬಿರುಸಾಗಿ ಓಡಿಸುವವರಿಗೆ ಮಿಂಟೆಕ್ಸ್ 1144ರಂಥ ‘ಫಾಸ್ಟ್ ರೋಡ್’ ವರ್ಗದವು ಇವೆ.

ಮತ್ತೊಂದು ಸಂಗತಿ ಸಮತೋಲ. ಎಂಜಿಬಿಯ ಮುಂದಿನ ಚಕ್ರಗಳಿಗೆ ಡಿಸ್ಕ್, ಹಿಂದಿನವಕ್ಕೆ ಡ್ರಮ್. ಮುಂದಿನ ಪ್ಯಾಡಿನ ಹಿಡಿತವನ್ನು ಮಿತಿಮೀರಿ ಹೆಚ್ಚಿಸಿದರೆ ಮಳೆಯಲ್ಲಿ ಮುಂಚಕ್ರಗಳು ಬೇಗನೆ ಸ್ತಬ್ಧವಾಗಿ ಕಾರು ಜಾರುತ್ತದೆ. ಆಗ ಸ್ಟೀರಿಂಗ್ ತಿರುಗಿಸಿಯೂ ಪ್ರಯೋಜನವಿಲ್ಲ. ತಡೆಯಲು ಎಬಿಎಸ್ ಇಲ್ಲ.

‘ಮೂಲ ಪ್ಯಾಡೇ ಬೇಕು’ ಎಂದು ಹಳೆಯ ದಾಸ್ತಾನು ಹುಡುಕುವ ಚಪಲವೂ ಒಳ್ಳೆಯದಲ್ಲ. ಆ ಕಾಲದ ಪ್ಯಾಡುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬಳಸುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಹಳೆಯ ಬ್ರೇಕ್ ಬಿಚ್ಚುವಾಗ ಧೂಳನ್ನು ಗಾಳಿ ಊದಿ ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಅಂದಹಾಗೆ, ಬ್ರೇಕ್ ಮೆತ್ತಗಾಗಿದೆ ಎಂಬ ದೂರಿಗೆ ಪ್ಯಾಡೇ ಕಾರಣವಾಗಿರಬೇಕಿಲ್ಲ. ಡಾಟ್ 4 ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದು. ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿಗೆ ಮೊದಲು ಬೇಕಾದುದು ಹೊಸ ದ್ರವ, ಹೊಸ ರಬ್ಬರ್ ಕೊಳವೆ.

ಹೊಸ ಪ್ಯಾಡ್ ಹಾಕಿದ ಮೇಲೆ ಮೊದಲ ಕೆಲವು ನೂರು ಕಿ.ಮೀ. ಹದವಾಗಿಯೇ ಬ್ರೇಕ್ ಒತ್ತಬೇಕು. ಡಿಸ್ಕ್ ಚೆನ್ನಾಗಿ ಕಾದಿರುವಾಗ ಪೆಡಲನ್ನು ತುಳಿದು ಹಿಡಿದುಕೊಂಡೇ ನಿಲ್ಲುವುದು ಸರಿಯಲ್ಲ. ಪ್ಯಾಡಿನ ಅಂಶ ಡಿಸ್ಕಿಗೆ ಒಂದೇ ಕಡೆ ಅಂಟಿಕೊಂಡು, ಮುಂದೆ ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಪೆಡಲ್ ನಡುಗತೊಡಗುತ್ತದೆ.