ಬೋಟಿನ ಹಳೇ ಜಿಪಿಎಸ್ ಕೈಕೊಟ್ಟರೆ...



ನಮ್ಮ ಕನ್ನಡ ಕಾರ್ಯಕ್ರಮವನ್ನು ಕೇಳುವವರೆಂದರೆ ಬೆಳಿಗ್ಗೆ ಲೋಕಲ್ ಹಿಡಿಯುವವರು, ಹೋಟೆಲ್ ಗಲ್ಲದ ಮೇಲೆ ಕೂರುವವರು, ಮನೆಯಲ್ಲಿ ಅಡುಗೆ ಮಾಡುತ್ತಾ ರೇಡಿಯೋ ಹಚ್ಚಿಡುವವರು ಮಾತ್ರ ಅಲ್ಲ. ಸಾಸೂನ್ ಡಾಕ್, ಭಾವುಚಾ ಧಕ್ಕಾ, ವರ್ಸೋವಾ, ಮಢ್ ಕಡೆ ಲಂಗರು ಹಾಕಿದ ಬೋಟುಗಳಲ್ಲೂ ಕನ್ನಡ, ತುಳು ಮಾತನಾಡುವ ಕೈಗಳಿವೆ. ಉಡುಪಿ, ಮಂಗಳೂರು, ಕಾರವಾರ ಕಡೆಯಿಂದ ಬಂದು ಈ ಕಡಲಲ್ಲಿ ದುಡಿದ ಕುಟುಂಬಗಳು ಎಷ್ಟೋ. ಈ ಸಲದ ಲೇಖನ ಮುಖ್ಯವಾಗಿ ಅವರಿಗೆ. ಉಳಿದವರೂ ಓದಿ, ಕಾರಿನ ಜಿಪಿಎಸ್‌ಗೂ ಕೆಲವು ಮಾತು ಅನ್ವಯಿಸುತ್ತದೆ.

ಹತ್ತು ಹದಿನೈದು ವರ್ಷ ಹಳೆಯ ಜಿಪಿಎಸ್ ಸೆಟ್ ಇರುವ ಯಾವ ಬೋಟಿಗೆ ಹೋದರೂ ಕೇಳುವ ದೂರು ಒಂದೇ: "ಸ್ಯಾಟಲೈಟ್ ಒಮ್ಮೆ ಸಿಗ್ತದೆ, ಒಮ್ಮೆ ಸಿಗೋದಿಲ್ಲ." ರಿಪೇರಿಯವನನ್ನು ಕರೆದರೆ ಹತ್ತರಲ್ಲಿ ಎಂಟು ಸಲ ಉತ್ತರವೂ ಒಂದೇ: "ಸೆಟ್ ಹೋಗಿದೆ, ಹೊಸದು ಹಾಕಿಸಿ." ಈ ಉತ್ತರವನ್ನು ಅಷ್ಟು ಬೇಗ ಒಪ್ಪಿಕೊಳ್ಳಬೇಡಿ. ಸೆಟ್ಟಿನ ಡಬ್ಬ ಕೇಬಿನ್ ಒಳಗೆ ಒಣಗಿ ಬೆಚ್ಚಗೆ ಕೂತಿರುತ್ತದೆ. ಉಪ್ಪುನೀರು, ಬಿಸಿಲು, ಅಲುಗಾಟ ಎಲ್ಲವನ್ನೂ ತಿನ್ನುವುದು ಮೇಲಿರುವ ಆಂಟೆನಾ, ಅದರ ಕೇಬಲ್ ಮತ್ತು ಜಾಯಿಂಟುಗಳು. ಹಾಗಾಗಿ ರೋಗ ಹೆಚ್ಚಾಗಿ ಅಲ್ಲಿಯೇ ಇರುತ್ತದೆ.

ಇದಕ್ಕೆ ಕಾರಣ ಸರಳ. ನಮ್ಮ ಎಫ್‌ಎಂ ಟ್ರಾನ್ಸ್‌ಮಿಟರ್ ಊರೊಳಗೇ ನಿಂತು ಕಿಲೋವಾಟ್‌ಗಟ್ಟಲೆ ಶಕ್ತಿಯಲ್ಲಿ ಕೂಗುತ್ತದೆ. ಜಿಪಿಎಸ್ ಉಪಗ್ರಹ ಇರುವುದು ಸುಮಾರು 20,200 ಕಿ.ಮೀ. ಎತ್ತರದಲ್ಲಿ. ಅದರ ಶಕ್ತಿಯೋ ಮನೆಯ ಹಳೇ ಬಲ್ಬಿನಷ್ಟು. ಆ ಸಂಕೇತ ಬೋಟಿಗೆ ಮುಟ್ಟುವಾಗ ಸುತ್ತಲಿನ ಸಹಜ ರೇಡಿಯೋ ಗದ್ದಲಕ್ಕಿಂತಲೂ ಸಣ್ಣದಾಗಿರುತ್ತದೆ. ಇಂಥ ಪಿಸುಮಾತಿನ ದಾರಿಯಲ್ಲಿ ಒಂದು ಪಿನ್ ಹಸಿರುಗಟ್ಟಿದರೂ ಸಾಕು, ಕಥೆ ಮುಗಿಯಿತು!

ಏನನ್ನೂ ಬಿಚ್ಚುವ ಮೊದಲು ಒಂದು ಕೆಲಸ ಮಾಡಿ. ಸೆಟ್ಟಿನಲ್ಲಿರುವ ಮಾರ್ಕುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬಲೆ ಹರಿಯುವ ಬಂಡೆ ಎಲ್ಲಿ, ಯಾವ ತಿಂಗಳು ಯಾವ ಜಾಗದಲ್ಲಿ ಮೀನು, ಮುಳುಗಿದ ಹಡಗಿನ ಅವಶೇಷ ಎಲ್ಲಿದೆ ಎಂಬುದೆಲ್ಲ ತಾಂಡೇಲರ ಇಪ್ಪತ್ತು ವರ್ಷದ ಸಂಪಾದನೆ. 'ಮಾಸ್ಟರ್ ರೀಸೆಟ್' ಮಾಡಿದರೆ ಹೆಚ್ಚಿನ ಸೆಟ್ಟುಗಳಲ್ಲಿ ಇದೆಲ್ಲ ಅಳಿಸಿಹೋಗುತ್ತದೆ. ಒಳಗಿನ ಚಿಕ್ಕ ಲಿಥಿಯಂ ಬ್ಯಾಟರಿ ಸತ್ತರೂ ಹಾಗೇ ಆಗಬಹುದು. ಸೆಟ್ ಅಂಗಡಿಯಲ್ಲಿ ಸಿಗುತ್ತದೆ, ಮಾರ್ಕು ಸಿಗುವುದಿಲ್ಲ.

ಬರೆಯುವಾಗ ಒಂದು ಎಚ್ಚರಿಕೆ. 18 ಡಿಗ್ರಿ 53.50 ಮಿನಿಟ್ ಎಂಬುದೂ 18 ಡಿಗ್ರಿ 53 ಮಿನಿಟ್ 50 ಸೆಕೆಂಡ್ ಎಂಬುದೂ ಒಂದೇ ಅಲ್ಲ. 53.50 ಮಿನಿಟ್ ಅಂದರೆ 53 ಮಿನಿಟ್ 30 ಸೆಕೆಂಡ್. ಎರಡರ ನಡುವೆ 600 ಮೀಟರಿಗಿಂತ ಹೆಚ್ಚು ಅಂತರ. ವಯರ್‌ಲೆಸ್‌ನಲ್ಲಿ ಜಾಗ ಹೇಳುವಾಗ ಆಗುವ ಗೊಂದಲದಲ್ಲಿ ಇದರ ಪಾಲು ದೊಡ್ಡದು. ಬಾಂಬೆ ಹೈ ತೈಲ ವೇದಿಕೆಗಳ ಸುತ್ತಲಿನ ಸುರಕ್ಷಾ ವಲಯ 500 ಮೀಟರ್ ಎಂಬುದನ್ನು ನೆನಪಿಡಿ. ಈ ಒಂದು ತಪ್ಪು ಓದಿನಿಂದಲೇ ಬೋಟು ಅದರೊಳಗೆ ಇರಬಹುದು.

ಇನ್ನು ಸೆಟ್ಟಿನಲ್ಲಿ ಸ್ಯಾಟಲೈಟ್ ಪೇಜ್ ತೆರೆಯಿರಿ. ಪ್ರತಿ ಉಪಗ್ರಹಕ್ಕೆ ಒಂದೊಂದು ಕಡ್ಡಿ ಕಾಣುತ್ತದೆ. ಎಲ್ಲ ಕಡ್ಡಿಗಳೂ ಕುಳ್ಳಗಾಗಿದ್ದರೆ ಆಂಟೆನಾ, ಕೇಬಲ್ ಅಥವಾ ಹತ್ತಿರದ ಬೇರೆ ಉಪಕರಣದ ತಂಟೆ. ಒಂದು ದಿಕ್ಕಿನವು ಮಾತ್ರ ಇಲ್ಲದಿದ್ದರೆ ಆಂಟೆನಾಕ್ಕೆ ಏನೋ ಅಡ್ಡವಿದೆ: ಕಬ್ಬಿಣದ ಕಂಬ, ವಿಂಚಿನ ಚೌಕಟ್ಟು, ಮೇಲೆ ಒಟ್ಟಿದ ಬಲೆ, ಏನು ಬೇಕಾದರೂ ಇರಬಹುದು. ಕಡ್ಡಿಗಳು ಎತ್ತರವಾಗಿಯೇ ಇದ್ದು ಜಾಗ ತೋರಿಸದಿದ್ದರೆ ಆಗ ಮಾತ್ರ ಸೆಟ್ಟಿನ ಮೇಲೆ ಸಂಶಯ ಪಡಿ. ಈ ಒಂದು ಪುಟವನ್ನು ಐದು ನಿಮಿಷ ನೋಡಿದರೆ ಅರ್ಧ ತನಿಖೆ ಮುಗಿದಂತೆ.

ಎರಡನೇ ಪರೀಕ್ಷೆಗೆ ಖರ್ಚೇ ಇಲ್ಲ. ಜೇಬಿನ ಮೊಬೈಲನ್ನು ಬೋಟಿನ ಆಂಟೆನಾ ಪಕ್ಕ ಹಿಡಿದು ಅದರ ಜಿಪಿಎಸ್ ನೋಡಿ. ಟವರ್ ಸಿಗ್ನಲ್ ಇಲ್ಲದಿದ್ದರೂ ಅದು ಕೆಲಸ ಮಾಡುತ್ತದೆ. ಮೊಬೈಲ್ ಸರಿಯಾಗಿ ಜಾಗ ತೋರಿಸಿದರೆ ಆಕಾಶ ಚೆನ್ನಾಗಿದೆ, ದೋಷ ನಿಮ್ಮ ಬೋಟಿನದ್ದೇ. ಮೊಬೈಲೂ ತಡವರಿಸಿದರೆ ಸುತ್ತಲೂ ಏನೋ ಗದ್ದಲ ಇದೆ. ಹಾಗೆಂದು ಮೊಬೈಲನ್ನೇ ನಂಬಿ ಕಡಲಿಗೆ ಇಳಿಯಬೇಡಿ. ಒಂದು ತೆರೆ ಮೈಮೇಲೆ ಬಂದರೆ ಅದೂ ಹೋಯಿತು, ದಾರಿಯೂ ಹೋಯಿತು.

ಈಗ ಆಂಟೆನಾದ ಹತ್ತಿರ ಹೋಗೋಣ. ಅಣಬೆಯಂಥ ಆ ಬಿಳಿ ಟೊಪ್ಪಿಯನ್ನು ಚೆನ್ನಾಗಿ ನೋಡಿ. ಬಿಸಿಲಿಗೆ ಬಿರುಕು ಬಿಟ್ಟಿದೆಯೇ? ಒಳಗೆ ನೀರು ಹೋದರೆ ಬೆಳಿಗ್ಗೆ ಸೆಟ್ ಕೆಲಸ ಮಾಡದೆ, ಮಧ್ಯಾಹ್ನ ಬಿಸಿಲಿಗೆ ಒಣಗಿದ ಮೇಲೆ ಸರಿಹೋಗುವುದುಂಟು. "ಒಮ್ಮೆ ಸಿಗ್ತದೆ, ಒಮ್ಮೆ ಇಲ್ಲ" ಎಂಬ ದೂರಿನ ಮೂಲ ಎಷ್ಟೋ ಸಲ ಇದೇ. ಇನ್ನೊಂದು ಸಂಗತಿ ಬಣ್ಣ. ನಾರಳಿ ಪೂರ್ಣಿಮೆಗೆ ಮುಂಚೆ ಬೋಟಿಗೆ ಬಣ್ಣ ಹೊಡೆಯುವಾಗ ಹುಡುಗರು ಉತ್ಸಾಹದಲ್ಲಿ ಟೊಪ್ಪಿಗೂ ಒಂದು ಕೈ ಬಳಿದುಬಿಡುತ್ತಾರೆ. ಬೆಳ್ಳಿಬಣ್ಣದಲ್ಲಿ ಅಲ್ಯುಮಿನಿಯಂ ಪುಡಿ ಇರುತ್ತದೆ. ಅದು ಟೊಪ್ಪಿಯ ಮೇಲೆ ಕೂತರೆ ತಗಡು ಮುಚ್ಚಿದ ಹಾಗೆ. ಹೊಸ ಸೀಸನ್ ಶುರುವಾದ ವಾರದಲ್ಲೇ ಜಿಪಿಎಸ್ ಹಾಳಾಯಿತು ಎನ್ನುವವರು ಮೊದಲು ಇದನ್ನು ನೋಡಬೇಕು. ಹೂವಿನ ಹಾರದಿಂದ ತೊಂದರೆಯಿಲ್ಲ, ಧಾರಾಳ ಹಾಕಿ!

ಆಂಟೆನಾ ಕಂಬದ ತುದಿಯಲ್ಲೇ ಇರಬೇಕೆಂದಿಲ್ಲ. ಟಿವಿ ಆಂಟೆನಾದ ಹಾಗೆ ಎತ್ತರ ಏರಿಸಿದಷ್ಟೂ ಒಳ್ಳೆಯದು ಎಂಬುದು ಇಲ್ಲಿ ನಡೆಯುವುದಿಲ್ಲ. ಇದಕ್ಕೆ ಬೇಕಾದ್ದು ನಾಲ್ಕೂ ಕಡೆ ತೆರೆದ ಆಕಾಶ. ಕೇಬಿನ್ ಮಾಡಿನ ಮೇಲೆ, ವಯರ್‌ಲೆಸ್ ಆಂಟೆನಾದಿಂದ ಒಂದು ಮೀಟರಾದರೂ ದೂರ, ರಾಡಾರ್ ಇದ್ದರೆ ಅದು ತಿರುಗುವ ಮಟ್ಟ ತಪ್ಪಿಸಿ ಕೂರಿಸಿದರೆ ಸಾಕು. ಎತ್ತರ ಏರಿಸಿದಷ್ಟೂ ಕೇಬಲ್ ಉದ್ದವಾಗುತ್ತದೆ. ಸಾಧಾರಣ ತೆಳು ಕೇಬಲಿನಲ್ಲಿ ನಾಲ್ಕೈದು ಮೀಟರಿಗೊಮ್ಮೆ ಸಂಕೇತದ ಅರ್ಧ ಶಕ್ತಿ ಸೋರಿಹೋಗುತ್ತದೆ.

ಕೇಬಲಿನ ಕನೆಕ್ಟರ್ ಬಿಚ್ಚಿ ನೋಡಿ. ಹಸಿರು ಪುಡಿ ಕಂಡರೆ ಒರೆಸಿ ಮತ್ತೆ ಸಿಕ್ಕಿಸುವುದು ಎರಡು ದಿನದ ಆಟ. ಕೇಬಲನ್ನು ಸ್ವಲ್ಪ ಹಿಂದಕ್ಕೆ ಕತ್ತರಿಸಿ ಒಳಗಿನ ತಾಮ್ರ ಕೆಂಪಗೆ ಹೊಳೆಯುತ್ತಿದೆಯೇ ನೋಡಿ. ಕಪ್ಪಾಗಿದ್ದರೆ ಉಪ್ಪುನೀರು ಒಳಗೊಳಗೇ ಹತ್ತಿದೆ, ಪೂರ್ತಿ ಕೇಬಲನ್ನೇ ಬದಲಿಸಬೇಕು. ನಡುವೆ ತಂತಿ ಹೊಸೆದು ಟೇಪ್ ಸುತ್ತಿದ ಜಾಯಿಂಟ್ ಇದ್ದರೆ ಅದೇ ಕಳ್ಳ ಎಂದು ತಿಳಿಯಿರಿ.

ಮಲ್ಟಿಮೀಟರ್ ಇದ್ದರೆ ಊಹೆಯ ಕೆಲಸವೇ ಇಲ್ಲ. ಮೇಲಿನ ಟೊಪ್ಪಿಯೊಳಗೆ ಒಂದು ಚಿಕ್ಕ ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ ಕರೆಂಟ್ ಹೋಗುವುದೂ ಅದೇ ಕೇಬಲಿನಲ್ಲಿ. ಸೆಟ್ ಆನ್ ಮಾಡಿ, ಅದರ ಹಿಂದಿನ ಆಂಟೆನಾ ಸಾಕೆಟ್ಟಿನ ನಡುವಿನ ಪಿನ್ ಮತ್ತು ಹೊರ ಅಂಚಿನ ನಡುವೆ ಅಳೆಯಿರಿ. ಹೆಚ್ಚಿನ ಸೆಟ್ಟುಗಳಲ್ಲಿ 3ರಿಂದ 5 ವೋಲ್ಟ್ ಸಿಗಬೇಕು, ಕೆಲವು ಕಂಪನಿಗಳವು ಹೆಚ್ಚು ಕೊಡುತ್ತವೆ. ಏನೂ ಸಿಗದಿದ್ದರೆ ದೋಷ ಸೆಟ್ಟಿನದ್ದು. ಇಲ್ಲಿ ಸಿಕ್ಕಿ ಕೇಬಲಿನ ಮೇಲ್ತುದಿಯಲ್ಲಿ ಸಿಗದಿದ್ದರೆ ಕೇಬಲಿನದ್ದು. ಎರಡೂ ಕಡೆ ಸಿಕ್ಕರೆ ಟೊಪ್ಪಿಯ ಮೇಲೆ ಸಂಶಯ. ಪಿನ್ನೂ ಅಂಚೂ ಮೀಟರ್ ಕಡ್ಡಿಯಿಂದ ಒಂದಕ್ಕೊಂದು ತಾಗದಂತೆ ಜೋಪಾನ, ಶಾರ್ಟ್ ಆದರೆ ಒಳ್ಳೆಯ ಸೆಟ್ಟೂ ಕೆಡುತ್ತದೆ. ಕೆಲವು ಮಾದರಿಗಳಲ್ಲಿ ಒಂದೇ ದಪ್ಪ ಕೇಬಲ್ ಬದಲು ನಾಲ್ಕೈದು ಬಣ್ಣದ ತಂತಿಗಳು ಇಳಿದಿರುತ್ತವೆ. ಅಂಥದ್ದರಲ್ಲಿ ರಿಸೀವರೇ ಮೇಲೆ ಟೊಪ್ಪಿಯಲ್ಲಿದೆ, ಕೆಳಗಿನದು ಬರೀ ಪರದೆ. ಅಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ.

ಎಂಜಿನ್ ಸ್ಟಾರ್ಟ್ ಮಾಡುವಾಗಲೇ ಸೆಟ್ ಆರಿ ಹೊತ್ತಿಕೊಂಡರೆ ಅದು ಬ್ಯಾಟರಿ, ಫ್ಯೂಸ್ ಹೋಲ್ಡರ್ ಅಥವಾ ಅರ್ಥ್ ತಂತಿಯ ಸಮಸ್ಯೆ. ಸ್ಟಾರ್ಟರ್ ತಿರುಗುವ ಆ ಕ್ಷಣದಲ್ಲಿ ಸೆಟ್ಟಿನ ಹಿಂದುಗಡೆಯೇ ವೋಲ್ಟೇಜ್ ಅಳೆದು ನೋಡಿ, ಬ್ಯಾಟರಿಯ ಬಳಿ ಅಲ್ಲ.

ಎಲ್ಲ ಸರಿಯಿದ್ದೂ ಕಡ್ಡಿಗಳು ಮೇಲೇಳದಿದ್ದರೆ ಬೋಟಿನ ಬೇರೆ ಸಾಮಾನುಗಳನ್ನು ವಿಚಾರಿಸಿ. ಎಲ್ಲ ಆಫ್ ಮಾಡಿ ಜಿಪಿಎಸ್ ಒಂದನ್ನೇ ಹಚ್ಚಿ, ಆಮೇಲೆ ಒಂದೊಂದಾಗಿ ಆನ್ ಮಾಡುತ್ತಾ ಬನ್ನಿ. ಅಗ್ಗದ ಎಲ್‌ಇಡಿ ದೀಪ, ಇನ್ವರ್ಟರ್, ಮೊಬೈಲ್ ಚಾರ್ಜರ್, ಟಿವಿ ಬೂಸ್ಟರ್ ಯಾವುದೂ ಕಳ್ಳನಾಗಬಹುದು. ಟಿವಿ ಬೂಸ್ಟರ್ ಎಂದರೆ ನಗಬೇಡಿ. 2001ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್ ಬಂದರಿನಲ್ಲಿ ಬೋಟುಗಳ ಜಿಪಿಎಸ್ ಕೆಟ್ಟು ಕೂತಿತ್ತು. ತಜ್ಞರು ಹುಡುಕಿದಾಗ ಸಿಕ್ಕಿದ್ದು ಅಲ್ಲೇ ನಿಂತ ಬೋಟುಗಳ ಮೇಲಿನ ಬೂಸ್ಟರ್ ಇರುವ ಟಿವಿ ಆಂಟೆನಾಗಳು! ನಮ್ಮ ಧಕ್ಕೆಗಳಲ್ಲಿ ಬೋಟುಗಳು ಮೈಗೆ ಮೈ ತಾಗಿಸಿ ನಿಲ್ಲುತ್ತವೆ. ಪಕ್ಕದ ಬೋಟಿನ ಸಾಮಾನು ನಿಮ್ಮ ಸೆಟ್ಟನ್ನು ಕೆಡಿಸುವುದು ಆಶ್ಚರ್ಯವಲ್ಲ. ಹೊರಗೆ ತೆರೆದ ನೀರಿಗೆ ಹೋದಾಗ ತಾನೇ ಸರಿಹೋದರೆ ಕಾರಣ ಅದೇ ಇರಬಹುದು.

ಇನ್ನು ಹಳೇ ಸೆಟ್ಟಿಗೇ ವಿಶೇಷವಾದ ಎರಡು ಕಾಯಿಲೆ. ಒಂದು, ತಾರೀಕಿನದ್ದು. ಜಿಪಿಎಸ್ ತನ್ನ ವಾರಗಳನ್ನು 1980ರ ಜನವರಿ 6ರಿಂದ ಎಣಿಸುತ್ತದೆ. ಹಳೇ ಪದ್ಧತಿಯಲ್ಲಿ 1024 ವಾರವಾದ ಕೂಡಲೇ, ಅಂದರೆ ಸುಮಾರು 19 ವರ್ಷ 7 ತಿಂಗಳಿಗೊಮ್ಮೆ, ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹೀಗಾಯಿತು. ಕೆಲವು ಕಂಪನಿಗಳ ಸೆಟ್ಟು ತಮ್ಮದೇ ಲೆಕ್ಕದಲ್ಲಿ ಬೇರೆ ದಿನ ಹೀಗೆ ತಿರುಗುತ್ತವೆ. ಪರದೆಯ ಮೇಲೆ ಇಪ್ಪತ್ತು ವರ್ಷ ಹಿಂದಿನ ತಾರೀಕು ಕಂಡರೆ ಇದೇ ಕಾರಣ. ಜಾಗ ಸರಿ ತೋರಿಸುತ್ತಿದ್ದರೆ ದಾರಿ ಹಿಡಿಯಲು ಅಡ್ಡಿಯಿಲ್ಲ, ಆದರೆ ಭರತ-ಇಳಿತದ ಸಮಯವನ್ನು ಆ ಸೆಟ್ಟಿನಲ್ಲಿ ನೋಡಬೇಡಿ. ಜಾಗವನ್ನೇ ತೋರಿಸದಿದ್ದರೆ ಕಂಪನಿಯವರ ಸಾಫ್ಟ್‌ವೇರ್ ಬೇಕು. ಅದು ಸಿಗದಿದ್ದರೆ ಆಗ ಹೊಸ ಸೆಟ್ಟಿನ ಮಾತು.

ಎರಡನೆಯದು ಆಗಲೇ ಹೇಳಿದ ಒಳಗಿನ ಚಿಕ್ಕ ಬ್ಯಾಟರಿ. ಅದು ಸತ್ತರೆ ಸೆಟ್ ಪ್ರತಿ ಸಲ ಹುಟ್ಟಿದ ಮಗುವಿನ ಹಾಗೆ ಏನೂ ಗೊತ್ತಿಲ್ಲದೆ ಏಳುತ್ತದೆ. ಉಪಗ್ರಹಗಳ ಪೂರ್ತಿ ಪಟ್ಟಿ ಕೆಳಗಿಳಿಯಲು ಹನ್ನೆರಡೂವರೆ ನಿಮಿಷ ಬೇಕು. ನಡುವೆ ಸಂಕೇತ ಕಡಿದರೆ ಇನ್ನೂ ತಡ. ಸೆಕೆಂಡ್ ಹ್ಯಾಂಡ್ ಸೆಟ್ ತಂದವರು ಐದು ನಿಮಿಷ ಕಾದು "ಮೋಸವಾಯಿತು" ಎನ್ನಬೇಡಿ. ತೆರೆದ ಆಕಾಶದಡಿ ಅರ್ಧ ಗಂಟೆ ಬಿಟ್ಟು ನೋಡಿ.

ಸೂರ್ಯ ಮುಳುಗಿದ ಮೇಲೆ ಮಧ್ಯರಾತ್ರಿಯೊಳಗೆ ಮಾತ್ರ, ಅದೂ ಮಾರ್ಚ್ ಅಥವಾ ಸೆಪ್ಟೆಂಬರ್-ಅಕ್ಟೋಬರ್ ಆಸುಪಾಸಿನಲ್ಲಿ ಸಂಕೇತ ಮಿನುಗಿ ಹೋಗುತ್ತಿದ್ದರೆ ಬೋಟಿನ ತಪ್ಪಿಲ್ಲದೆಯೂ ಇರಬಹುದು. ಭೂಮಧ್ಯರೇಖೆಗೆ ಹತ್ತಿರದ ನಮ್ಮಂಥ ಪ್ರದೇಶಗಳ ಮೇಲಿನ ಅಯಾನುಮಂಡಲ ಆ ಹೊತ್ತಿನಲ್ಲಿ ಕದಡುತ್ತದೆ. ಸೂರ್ಯನ ಚಟುವಟಿಕೆ ಜೋರಾದ ವರ್ಷಗಳಲ್ಲಿ ಇದು ಹೆಚ್ಚು. ಸ್ವಲ್ಪ ಹೊತ್ತು ದಿಕ್ಸೂಚಿ ನೋಡಿ ನಡೆಸಿ, ತಾನೇ ಸರಿಹೋಗುತ್ತದೆ.

ಪರದೆ ಖಾಲಿಯಾದರೆ ತಾಂಡೇಲರು ಎಚ್ಚರಾಗುತ್ತಾರೆ. ಸೆಟ್ ಧೈರ್ಯವಾಗಿ ತಪ್ಪು ಜಾಗ ತೋರಿಸಿದರೆ ಯಾರೂ ಎಚ್ಚರಾಗುವುದಿಲ್ಲ. ನನ್ನ ಮಟ್ಟಿಗೆ ದೊಡ್ಡ ಅಪಾಯ ಇದೇ. ಸೆಟಿಂಗ್ಸ್‌ನಲ್ಲಿ 'ಡೇಟಮ್' ಎಂಬ ಸಾಲು ಡಬ್ಲ್ಯುಜಿಎಸ್ 84 ಎಂದಿರಬೇಕು. ಹಳೇ ಭಾರತೀಯ ನಕ್ಷೆಗಳ ಎವರೆಸ್ಟ್ ಪದ್ಧತಿಗೆ ಯಾರಾದರೂ ಬದಲಿಸಿದ್ದರೆ ಎಲ್ಲ ಕಡ್ಡಿ ಎತ್ತರವಿದ್ದೂ ಜಾಗ ನೂರು ಮೀಟರಿನ ಆಸುಪಾಸು ಸರಿದಿರುತ್ತದೆ. ಧಕ್ಕೆಯಲ್ಲಿ ನಿಮ್ಮ ಬೋಟು ಕಟ್ಟುವ ಜಾಗದ ಅಂಕಿಯನ್ನು ಬರೆದಿಟ್ಟುಕೊಂಡು ಹೊರಡುವ ಮೊದಲು ಪ್ರತಿ ಸಲ ತಾಳೆ ನೋಡಿ. ಕೊಲಾಬಾ ತುದಿಯ ಪ್ರಾಂಗ್ಸ್ ದೀಪಸ್ತಂಭ, ಆಚೆಯ ಖಾಂದೇರಿ ದೀಪಸ್ತಂಭ ದಾಟುವಾಗಲೂ ಕಣ್ಣಿಗೆ ಕಾಣುವುದಕ್ಕೂ ಪರದೆಗೂ ಹೊಂದುತ್ತದೆಯೇ ಎಂದು ನೋಡುವ ರೂಢಿ ಇರಲಿ.

ಕಷ್ಟ ಕಾಲದಲ್ಲಿ ನೀವು ಹೇಳುವ ಜಾಗವೇ ನಿಮ್ಮನ್ನು ಹುಡುಕಿ ಬರುವವರಿಗೆ ದಾರಿ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದಾಚೆ ಸಮುದ್ರದ ತಳದಲ್ಲಿ ನೌಕಾಪಡೆಗೆ ಸಿಕ್ಕಿದ್ದು 2019ರ ಬೇಸಿಗೆಯಲ್ಲಿ. ಅಷ್ಟು ತಿಂಗಳು ಆ ಮನೆಗಳು ಕಾದ ಬಗೆ ನಮ್ಮ ಶ್ರೋತೃಗಳಲ್ಲಿ ಅನೇಕರಿಗೆ ಗೊತ್ತು. ಮೀನುಗಾರಿಕೆ ಬೋಟುಗಳಿಗೆ ಒಂದು ಲಕ್ಷ ಟ್ರಾನ್ಸ್‌ಪಾಂಡರ್ ಕೊಡುವ ಕೇಂದ್ರ ಸರ್ಕಾರದ ಯೋಜನೆಗೆ 2024ರ ಆಗಸ್ಟ್ 30ರಂದು ನಮ್ಮ ಪಕ್ಕದ ಪಾಲ್ಘರ್‌ನಲ್ಲೇ ಚಾಲನೆ ಸಿಕ್ಕಿತು. ನಿಮ್ಮ ಬೋಟಿಗೆ ಇನ್ನೂ ಬಂದಿಲ್ಲವಾದರೆ ಸೊಸೈಟಿಯಲ್ಲಿ ಅಥವಾ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಕೋಸ್ಟ್ ಗಾರ್ಡ್‌ನ ಸಹಾಯವಾಣಿ 1554, ಕೇಬಿನ್ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.

ರಿಪೇರಿಗೆ ಒಳ್ಳೆಯ ಸಮಯ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಎರಡು ತಿಂಗಳು. ಕೇಬಲ್, ಕನೆಕ್ಟರ್, ನೀರು ತಡೆಯುವ ರಬ್ಬರ್ ಟೇಪ್ ಎಲ್ಲ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸಿಗುತ್ತವೆ. ಹೋಗುವಾಗ ಹಳೇ ಕನೆಕ್ಟರನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಹೋಗಿ, ಹೆಸರು ಹೇಳಿ ತಂದದ್ದು ಕೂರುವುದಿಲ್ಲ. ಹೊಸ ಜಾಯಿಂಟಿಗೆ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಕೇಬಿನ್ ಒಳಗೆ ಹೋಗುವ ಮುಂಚೆ ಕೇಬಲನ್ನು ಒಂದು ಗೇಣು ಕೆಳಗೆ ಬಾಗಿಸಿ ಬಿಡಿ. ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.