ಅಟ್ಟದ ಮೇಲಿದ್ದ ಅಜ್ಜಿಯ ದನಿ

ನಮ್ಮ ಬ್ಯಾಂಕಿಗೆ ಮೊದಲ ಸಲ ಕಂಪ್ಯೂಟರ್ ಬಂದಾಗ ಅದಕ್ಕೆಂದೇ ಎ.ಸಿ. ಕೋಣೆ ಮಾಡಿದ್ದರು. ಗುಮಾಸ್ತರಾದ ನಾವು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದೆವು. ಕಂಪ್ಯೂಟರಿಗೆ ತಂಪು ಬೇಕು ಎಂಬ ಮಾತು ಅಂದೇ ನನ್ನ ತಲೆಯಲ್ಲಿ ಕೂತಿತು. ಹಾಗಾಗಿ ಮಡಿಕೇರಿಯ ಮನೆಯಲ್ಲಿ ಹಳೆಯ ಕಂಪ್ಯೂಟರನ್ನು ಅಟ್ಟಕ್ಕೇರಿಸಿ ನಿಶ್ಚಿಂತನಾಗಿದ್ದೆ.

ಕಳೆದ ಡಿಸೆಂಬರಿನಲ್ಲಿ ಮೊಮ್ಮಗಳು ರಜೆಗೆ ಬಂದಳು. “ತಾತ, ಅಜ್ಜಿ ಹೇಳಿದ ಕಥೆ ಅದರಲ್ಲಿದೆಯಂತೆ, ಹಾಕು” ಎಂದಳು. ನನ್ನಾಕೆ ತೀರಿಕೊಂಡು ಆರು ವರ್ಷ. ಅವಳ ದನಿ ಉಳಿದಿದ್ದು ಅದೊಂದರಲ್ಲೇ. ರಾತ್ರಿಯೇ ಇಳಿಸಿ, ಒಲೆ ಉರಿಯುತ್ತಿದ್ದ ಅಡುಗೆಮನೆಗೆ ತಂದೆ. ಇನ್ನೇನು ಪ್ಲಗ್ ಹಾಕಬೇಕು, ಮೊಮ್ಮಗಳು ಅದರ ತಗಡಿನ ಮೇಲೆ ಬೆರಳಾಡಿಸಿ, “ತಾತ, ಇದು ಬೆವರಿದೆ!” ಎಂದಳು.

ಫ್ರಿಜ್ಜಿನಿಂದ ತೆಗೆದ ಬಾಟಲಿಯೂ ಹೀಗೇ ಬೆವರುತ್ತದಲ್ಲವೇ? ಆ ನೀರು ಬಾಟಲಿಯೊಳಗಿನದಲ್ಲ, ಗಾಳಿಯಲ್ಲಿದ್ದ ತೇವ. ಗಾಳಿಯ ಉಷ್ಣತೆ 25 ಡಿಗ್ರಿ, ತೇವಾಂಶ ಶೇ. 60 ಇದ್ದರೆ, ಸುಮಾರು 17 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ಹನಿ ಕೂರುತ್ತದೆ. ಕಂಪ್ಯೂಟರಿನ ಹೊರಗೆ ಕೂತದ್ದು ಒಳಗೂ ಕೂತಿರಬಹುದು. ಆಗ ವಿದ್ಯುತ್ ಹರಿಸಿದರೆ ಶಾರ್ಟ್ ಆಗಿ ಸುಟ್ಟೀತು.

ಬ್ಯಾಂಕಿನ ಎ.ಸಿ. ನೆನಪಾಯಿತು. ಅದರ ಪೈಪಿನಿಂದ ಹೊರಗೆ ನೀರು ತೊಟ್ಟಿಕ್ಕುತ್ತಿತ್ತು. ಅದು ಕೋಣೆಯನ್ನು ತಂಪು ಮಾಡುವುದರ ಜೊತೆಗೆ ಒಣಗಿಸುತ್ತಲೂ ಇತ್ತು! ನಮ್ಮ ಅಟ್ಟದಲ್ಲಿ ತಂಪಿತ್ತು, ಒಣಹವೆ ಇರಲಿಲ್ಲ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ಸೀರೆಗೂ ಬೂಷ್ಟು ಹಿಡಿಯುವ ಊರು ನಮ್ಮದು.

ಪ್ಲಗ್ ಹಾಕದೆ ಎರಡು ದಿನ ಬಿಟ್ಟು, ರಿಪೇರಿಯವರಲ್ಲಿಗೆ ಒಯ್ದೆ. ಒಳಗೆ ಅಲ್ಲಲ್ಲಿ ತುಕ್ಕು. ಹಾರ್ಡ್ ಡಿಸ್ಕಿನಲ್ಲಿದ್ದ ಎಷ್ಟೋ ಫೋಟೊ ತೆರೆಯಲೇ ಇಲ್ಲ. ಕಥೆ ಮಾತ್ರ ಸಿಕ್ಕಿತು.

ನೀವೂ ಹಳೆಯ ಕಂಪ್ಯೂಟರ್ ಎತ್ತಿಡುವುದಾದರೆ ಇಷ್ಟು ಮಾಡಿ:

* ಮೊದಲು ಫೋಟೊ, ದನಿ, ಕಾಗದಪತ್ರಗಳನ್ನು ಬೇರೆ ಎರಡು ಕಡೆ ನಕಲು ಮಾಡಿ.

* ಒಳಗಿನ ಬಿಲ್ಲೆ ಬ್ಯಾಟರಿಯನ್ನು ತಿಳಿದವರಿಂದ ತೆಗೆಸಿ. ಯು.ಪಿ.ಎಸ್. ಬ್ಯಾಟರಿಯನ್ನು ಚಾರ್ಜ್ ಮಾಡದೆ ವರ್ಷಗಟ್ಟಲೆ ಬಿಟ್ಟರೆ ಹಾಳಾಗುತ್ತದೆ.

* ಒಣಹವೆಯ ದಿನ ಧೂಳು ಒರೆಸಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ. ನೀಲಿ ಹರಳು ಗುಲಾಬಿಯಾದರೆ ತೇವ ತುಂಬಿತೆಂದು ಅರ್ಥ, ಬದಲಿಸಿ. ಪೊಟ್ಟಣ ಪುಟ್ಟ ಮಕ್ಕಳ ಕೈಗೆ ಸಿಗದಿರಲಿ.

* ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿಡಿ.

* ಇಳಿಸಿದಾಗ ಚೀಲ ಬಿಚ್ಚದೆ ಒಂದು ದಿನ ಕೋಣೆಯಲ್ಲಿಡಿ. ಬೆವರು ಚೀಲದ ಮೇಲೆಯೇ ಕೂತು ಆರುತ್ತದೆ.

ಕಥೆ ಈಗ ಮಗನ ಮನೆಯಲ್ಲೊಂದು, ನನ್ನಲ್ಲೊಂದು ಇದೆ. ನಡುವೆ ಅವಳು ಕೆಮ್ಮಿ, “ತಾಳು ಪುಟ್ಟಿ, ನೀರು ಕುಡಿದು ಬರ್ತೀನಿ” ಅನ್ನುತ್ತಾಳೆ. ಮೊಮ್ಮಗಳು ಆ ಜಾಗವನ್ನೇ ಮತ್ತೆ ಮತ್ತೆ ಹಾಕಿಸುತ್ತಾಳೆ.